ಹರಳಿನ ದೋಷವೂ ಮಾತಿನ ದೋಷವೂ

ಸಂಸಾರದಲ್ಲಿದ್ದುಕೊಂಡೇ ಶಿವಪಥವನ್ನು ಸಾಧಿಸಬೇಕೆಂಬುದು ಶಿವಶರಣರ ಬೋಧೆ. ಮನೆಯನ್ನು ತೊರೆದು ಅಡವಿಯನ್ನು ಸೇರಿದವನಿಗೆ ಕೊಡುವ ಕೊಳ್ಳುವ ಚಿಂತೆಯಿಲ್ಲ. ಕಾಯಕಮಾಡಿ ಮನೆಯನ್ನು ನಡೆಸುವ ಭಕ್ತನಿಗಾದರೋ ಅಂಗಡಿಯ ಮೆಟ್ಟಿಲೂ ಒಂದು ಪರೀಕ್ಷೆಯ ಸ್ಥಳವೇ ಸರಿ. ಅಲ್ಲಿ ಅವನು ಏನನ್ನು ಕೊಂಡನು, ಏತಕ್ಕಾಗಿ ಕೊಂಡನು, ಕೊಳ್ಳುವಾಗ ಏನು ನುಡಿದನು ಎಂಬುದರಲ್ಲಿ ಅವನ ಆಚಾರವು ಹೊರಬೀಳುವುದು. ಪೂಜೆಯ ಮನೆಗೆ ಒಂದು ಧರ್ಮ, ಪೇಟೆಯ ಬೀದಿಗೆ ಇನ್ನೊಂದು ಧರ್ಮ ಎಂಬ ಭೇದವನ್ನು ಶರಣರು ಎಂದೂ ಒಪ್ಪಿದವರಲ್ಲ. ಪಂಚಾಚಾರಗಳಲ್ಲಿ ಸದಾಚಾರಕ್ಕೆ ಸ್ಥಾನವಿರುವುದು ಇದೇ ಕಾರಣದಿಂದ.

ಮದುವೆ ಮುಂಜಿಗಳ ಕಾಲದಲ್ಲಿ ಅನೇಕ ಗೃಹಸ್ಥರನ್ನು ಕಾಡುವ ಒಂದು ಪ್ರಶ್ನೆಯನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳಬಹುದು. ಉಂಗುರಕ್ಕೋ ಓಲೆಗೋ ಬಣ್ಣದ ಹರಳು ಬೇಕಾಗಿದೆ. ಕೆಂಪಾಗಲಿ, ಪಚ್ಚೆಯಾಗಲಿ, ನೀಲವಾಗಲಿ, ಹರಳನ್ನು ಬೆಳಕಿಗೆ ಹಿಡಿದಾಗ ಅದರ ಒಡಲಿನಲ್ಲಿ ಗೀರು, ಚುಕ್ಕೆ, ಮಂಜಿನಂತಹ ಮಸಕು ಬರಿಗಣ್ಣಿಗೇ ಕಾಣಬರುವುದು. ಇಂತಹ ಹರಳನ್ನು ಕೊಳ್ಳಬಹುದೆ, ಬಾರದೆ? ಮೇಲುನೋಟಕ್ಕೆ ಇದು ಚಿನಿವಾರರ ಅಂಗಡಿಯಲ್ಲಿ ತೀರ್ಮಾನವಾಗಬೇಕಾದ ಮಾತು. ಆದರೆ ಸ್ವಲ್ಪ ಒಳಹೊಕ್ಕು ನೋಡಿದರೆ ದೋಷವೆಂದರೇನು, ಅದು ಇರುವುದು ವಸ್ತುವಿನಲ್ಲೋ ಮನುಷ್ಯನಲ್ಲೋ, ಅದನ್ನು ಯಾರು ಯಾರಿಗೆ ಹೇಳಬೇಕು ಎಂಬ ಧರ್ಮದ ಪ್ರಶ್ನೆಗಳು ಇದರಲ್ಲಿ ಅಡಗಿವೆ.

ಮೊದಲು ಕಲ್ಲಿನ ಸ್ವರೂಪವನ್ನು ತಿಳಿಯತಕ್ಕದ್ದು. ಹರಳುಗಳು ಭೂಗರ್ಭದಲ್ಲಿ ಮಹತ್ತಾದ ಕಾವು ಒತ್ತಡಗಳ ನಡುವೆ ಮೆಲ್ಲಮೆಲ್ಲನೆ ಬೆಳೆದವು. ಬೆಳೆಯುವಾಗ ಸುತ್ತಲಿನ ಬೇರೆ ಖನಿಜಗಳ ಕಣಗಳು, ದ್ರವದ ಹನಿಗಳು, ಅನಿಲದ ಗುಳ್ಳೆಗಳು ಅವುಗಳ ಒಡಲಿನಲ್ಲಿ ಸಿಕ್ಕಿಕೊಂಡವು. ಕೆಲವು ಹರಳುಗಳು ಒಳಗೇ ಬಿರಿದು, ಮತ್ತೆ ಕೂಡಿಕೊಂಡು, ಆ ಬಿರುಕಿನ ಗುರುತನ್ನು ಉಳಿಸಿಕೊಂಡವು. ಕೊಲಂಬಿಯಾ ದೇಶದ ಪಚ್ಚೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೇ ಪುಟ್ಟ ಕುಳಿಯಲ್ಲಿ ಉಪ್ಪುನೀರು, ಅನಿಲದ ಗುಳ್ಳೆ, ಉಪ್ಪಿನ ಹರಳು ಈ ಮೂರೂ ಒಟ್ಟಿಗೆ ಕಾಣಸಿಗುವುದುಂಟು. ಪಚ್ಚೆಯ ಒಳಗಿನ ಇಂತಹ ಜಾಲವನ್ನು ಫ್ರೆಂಚರು ‘ತೋಟ’ವೆಂದು ಕರೆಯುವರು. ಬರ್ಮಾ ದೇಶದ, ಎಂದರೆ ಈಗಿನ ಮ್ಯಾನ್ಮಾರಿನ, ಮೊಗೊಕ್ ಸೀಮೆಯ ಮಾಣಿಕ್ಯದಲ್ಲಿ ರೂಟೈಲ್ ಎಂಬ ಖನಿಜದ ಕೂದಲೆಳೆಗಿಂತ ಸಣ್ಣದಾದ ಸೂಜಿಗಳು ಹೆಣೆದುಕೊಂಡಿರುವುವು. ಇದಕ್ಕೆ ರತ್ನವ್ಯಾಪಾರಿಗಳು ‘ರೇಷ್ಮೆ’ಯೆಂದು ಹೆಸರಿಟ್ಟಿದ್ದಾರೆ. ತೋಟ, ರೇಷ್ಮೆ ಎಂಬ ಹೆಸರುಗಳನ್ನು ಕೇಳಿದರೇ ಸಾಕು, ಬಲ್ಲವರು ಇವನ್ನು ಕೇವಲ ಹೊಲೆಯೆಂದು ಬಗೆಯಲಿಲ್ಲವೆಂಬುದು ಗೊತ್ತಾಗುವುದು.

ಇನ್ನೂ ಒಂದು ವಿಸ್ಮಯವಿದೆ. ಮಾಣಿಕ್ಯವೂ ನೀಲವೂ ಕುರುವಿಂದವೆಂಬ ಒಂದೇ ಜಾತಿಯ ಕಲ್ಲುಗಳು. ಕುರುವಿಂದವು ಪರಿಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಅದು ನೀರಿನಂತೆ ತಿಳಿಯಾಗಿರುವುದು. ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಬೆರೆತಾಗ ಅದು ಕೆಂಪಾಗಿ ಮಾಣಿಕ್ಯವೆನಿಸುವುದು. ಕಬ್ಬಿಣ, ಟೈಟೇನಿಯಂಗಳು ಬೆರೆತಾಗ ನೀಲವಾಗುವುದು. ಮಾಣಿಕ್ಯವನ್ನು ಕೆಂಪಾಗಿಸಿದ ಅದೇ ಕ್ರೋಮಿಯಂ ಬೆರಿಲ್ ಎಂಬ ಬೇರೊಂದು ಕಲ್ಲನ್ನು ಸೇರಿ ಹಸುರಿನ ಪಚ್ಚೆಯನ್ನು ಮಾಡಿತು. ಆದುದರಿಂದ ಯಾವ ಬಣ್ಣಕ್ಕಾಗಿ ಜನರು ಹಣವನ್ನು ಸುರಿಯುವರೋ ಆ ಬಣ್ಣವೇ ಪರವಸ್ತುವಿನ ಸಂಗದಿಂದ ಬಂದುದು. ಮೈಸೂರು ಸೀಮೆಯ ಕೆಲವೆಡೆ ದೊರೆಯುವ ನಕ್ಷತ್ರದ ಕೆಂಪುಗಳ ಮಾತೂ ಹಾಗೆಯೇ. ದುಂಡಗೆ ತಿದ್ದಿದ ಆ ಕಲ್ಲಿನ ಮೇಲೆ ಬೆಳಕು ಬಿದ್ದಾಗ ಆರು ಕಿರಣಗಳ ನಕ್ಷತ್ರ ಮೂಡುವುದು. ಒಳಗಿನ ಸೂಜಿಗಳಿಲ್ಲದಿದ್ದರೆ ಆ ನಕ್ಷತ್ರವೂ ಇಲ್ಲ. ದೋಷವೆಂದು ಹೆಸರಿಟ್ಟುದೇ ಅಲ್ಲಿ ಗುಣವಾಗಿ ನಿಂತಿದೆ.

ಹಾಗಾದರೆ ಪ್ರಾಚೀನರು ಇವನ್ನು ದೋಷಗಳೆಂದು ಏಕೆ ಎಣಿಸಿದರು? ಭರತಖಂಡದಲ್ಲಿ ರತ್ನಪರೀಕ್ಷೆಯು ಬಹಳ ಹಿಂದಿನಿಂದ ಬೆಳೆದುಬಂದ ಶಾಸ್ತ್ರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಶಕ್ಕೆ ಸೇರತಕ್ಕ ರತ್ನಗಳ ಪರೀಕ್ಷೆಗೆ ಒಂದು ಪ್ರಕರಣವೇ ಮೀಸಲಾಗಿದೆ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳ ಲಕ್ಷಣಗಳನ್ನು ಹೇಳಿದನು. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿಯೂ ರಾಜಕೋಶದ ಪ್ರಸಂಗದಲ್ಲಿ ರತ್ನಗಳ ಗುಣದೋಷಗಳ ವಿವರವಿದೆ. ಬಿಂದು, ರೇಖೆ, ಕಾಕಪದ ಮೊದಲಾದ ಹೆಸರುಗಳಿಂದ ಶಾಸ್ತ್ರಕಾರರು ವಜ್ರದ ದೋಷಗಳನ್ನು ಗುರುತಿಸಿದರು. ಕಣ್ಣೇ ಉಪಕರಣವಾಗಿದ್ದ ಕಾಲದಲ್ಲಿ ಅವರು ತೋರಿದ ಸೂಕ್ಷ್ಮತೆಗೆ ತಲೆವಾಗಲೇಬೇಕು. ಇಷ್ಟರ ಮಟ್ಟಿಗೆ ಅದು ವಿದ್ಯೆ, ಗೌರವಿಸತಕ್ಕದ್ದು.

ಆದರೆ ವಿದ್ಯೆಯೊಡನೆ ಇನ್ನೆರಡು ಸಂಗತಿಗಳು ಅಲ್ಲಿ ಸೇರಿಕೊಂಡವು. ಮೊದಲನೆಯದು ಜಾತಿ. ಬಿಳಿಯ ವಜ್ರವು ಬ್ರಾಹ್ಮಣ, ಕೆಂಪು ಛಾಯೆಯದು ಕ್ಷತ್ರಿಯ, ಹಳದಿಯದು ವೈಶ್ಯ, ಕಪ್ಪು ಛಾಯೆಯದು ಶೂದ್ರ ಎಂದು ಕಲ್ಲಿಗೂ ನಾಲ್ಕು ವರ್ಣಗಳನ್ನು ಹಚ್ಚಿದರು. ಮಾತಿಲ್ಲದ, ಮನಸ್ಸಿಲ್ಲದ ಕಲ್ಲಿಗೆ ಕುಲವೆಂಬುದುಂಟೆ! ಶಾಸ್ತ್ರದಿಂದ ಹೋದ ಆ ಕುಲದ ಗೀಳು ಇಂದಿನ ಪೇಟೆಯಲ್ಲಿ ಬೇರೊಂದು ವೇಷದಿಂದ ಬಂದಿದೆ. ಆಫ್ರಿಕಾ ಖಂಡದ ಮೊಜಾಂಬಿಕ್ ದೇಶದ ಮೊಂಟೆಪುಯೆಜ್‌ನಲ್ಲಿ 2009ರಲ್ಲಿ ಮಾಣಿಕ್ಯದ ದೊಡ್ಡ ನೆಲೆಯು ದೊರೆಯಿತು. ಅಲ್ಲಿನ ಕಲ್ಲು ಬಣ್ಣದಲ್ಲಿ, ಕಾಂತಿಯಲ್ಲಿ ಬರ್ಮಾದ ಕಲ್ಲಿಗೆ ಸಮವಾಗಿದ್ದರೂ ಬರ್ಮಾದ ಹೆಸರು ಹೊತ್ತುದಕ್ಕೆ ಹೆಚ್ಚು ಬೆಲೆ. ಕಾಶ್ಮೀರದ ಪಾಡರ್ ಕಣಿವೆಯಲ್ಲಿ 1880ರ ದಶಕದ ಆರಂಭದಲ್ಲಿ ದೊರೆತು ಕೆಲವೇ ವರ್ಷಗಳಲ್ಲಿ ಬಹುಮಟ್ಟಿಗೆ ಬರಿದಾದ ನೀಲದ ಹೆಸರಿಗೂ ಹಾಗೆಯೇ. ವಿರಳವಾದುದಕ್ಕೆ ಬೆಲೆ ಹೆಚ್ಚುವುದು ವ್ಯಾಪಾರದ ರೀತಿ; ಅದರಲ್ಲಿ ಅಧರ್ಮವೇನೂ ಇಲ್ಲ. ಆದರೆ ಹುಟ್ಟಿದ ಊರನ್ನು ಕೇಳಿ ತಲೆದೂಗುವ ಗೃಹಸ್ಥನು ತಾನು ಕಲ್ಲಿನ ಗುಣಕ್ಕೆ ಹಣ ಕೊಡುತ್ತಿರುವೆನೋ, ಕುಲಕ್ಕೆ ಕೊಡುತ್ತಿರುವೆನೋ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು. ಮನುಷ್ಯರಲ್ಲಿ ಕುಲವನ್ನು ಕೇಳಬಾರದೆಂದು ಕಲಿಸಿದ ಪರಂಪರೆಯವನು ಅವನು.

ಶಾಸ್ತ್ರದೊಡನೆ ಸೇರಿಕೊಂಡ ಎರಡನೆಯ ಸಂಗತಿ ಭಯ. ಒಳ್ಳೆಯ ರತ್ನವು ಅರಸನಿಗೆ ಶುಭವನ್ನೂ ಕೆಟ್ಟ ರತ್ನವು ಅಶುಭವನ್ನೂ ತರುವುದೆಂದು ವರಾಹಮಿಹಿರನೇ ಹೇಳಿದ್ದಾನೆ. ಅರಸರಿಗಾಗಿ ಹುಟ್ಟಿದ ಆ ನಂಬಿಕೆಯು ಇಂದು ಸಾಮಾನ್ಯ ಗೃಹಸ್ಥನ ಮನೆಗೂ ಇಳಿದಿದೆ. ಇಂತಹ ಗ್ರಹಕ್ಕೆ ಇಂತಹ ಹರಳು, ಅದರಲ್ಲಿ ಗೀರಿದ್ದರೆ ಮಗನಿಗೆ ಕೇಡು, ಚುಕ್ಕೆಯಿದ್ದರೆ ಧನಹಾನಿ ಎಂದು ಹೇಳುವವರಿದ್ದಾರೆ. ಕೇಳಿ ನಡುಗುವವರೂ ಇದ್ದಾರೆ. ಸಾಲಮಾಡಿ ಕಲೆಯಿಲ್ಲದ ನೀಲವನ್ನು ತೊಟ್ಟು, ಆ ಸಾಲದ ಬಡ್ಡಿಯನ್ನೇ ಶನಿಯ ಕಾಟವೆಂದು ತಿಳಿದು, ಮತ್ತೊಂದು ಹರಳಿಗಾಗಿ ಅಲೆಯುವುದೂ ಲೋಕದಲ್ಲಿ ಉಂಟು.

ವಾರ, ತಿಥಿ, ನಕ್ಷತ್ರಗಳ ಅಂಜಿಕೆಯನ್ನು ಶರಣರು ತಳ್ಳಿಹಾಕಿದರು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ ಬೆರಳಿನ ಮೇಲಿನ ಕಲ್ಲು ರಕ್ಷೆಯಾಗಬೇಕೆ? ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣಗಳು ಇರುವಲ್ಲಿ ಒಂಬತ್ತನೆಯ ಆವರಣವನ್ನು ಅಂಗಡಿಯಿಂದ ತೂಗಿಸಿ ತರಬೇಕೆ? ಗ್ರಹದ ಭಯಕ್ಕಾಗಿ ಹರಳನ್ನು ಕೊಳ್ಳಹೊರಟ ಭಕ್ತನ ವಿಷಯದಲ್ಲಿ ಹರಳು ಶುದ್ಧವೋ ಕಲೆಯುಳ್ಳದ್ದೋ ಎಂಬ ವಿಚಾರವೇ ಏಳದು. ಅಲ್ಲಿ ಕಲೆಯಿರುವುದು ನಿಷ್ಠೆಯಲ್ಲಿ. ಕಲ್ಲನ್ನು ಬದಲಿಸಿದ ಮಾತ್ರಕ್ಕೆ ಅದು ಹೋಗದು. ಚೆಲುವಿಗಾಗಿ, ಪ್ರೀತಿಯ ನೆನಪಿಗಾಗಿ, ಉಡುಗೊರೆಗಾಗಿ ಕೊಳ್ಳುವವನಿಗೆ ಮಾತ್ರ ಮುಂದಿನ ವಿಚಾರವು ಸಲ್ಲುವುದು.

ಕಲ್ಲಿನೊಳಗಿನ ಎಲ್ಲ ಗುರುತುಗಳೂ ಒಂದೇ ಎಂದು ಇದರಿಂದ ತಿಳಿಯಬಾರದು. ಭಕ್ತಿಯು ವಿವೇಕವನ್ನು ಬಿಡೆಂದು ಹೇಳುವುದಿಲ್ಲ. ಒಳಗೇ ಉಳಿದ ಚುಕ್ಕೆ, ಸೂಜಿ, ಮಸಕುಗಳಿಂದ ಕಲ್ಲಿನ ಬಾಳಿಕೆಗೆ ಸಾಮಾನ್ಯವಾಗಿ ಕುಂದಿಲ್ಲ. ಮೇಲ್ಮೈಗೆ ಬಂದು ತಲಪಿದ ಬಿರುಕಾದರೆ, ಅದರಲ್ಲಿಯೂ ಅಂಚಿನ ಬಳಿಯಲ್ಲಿದ್ದರೆ, ಪೆಟ್ಟು ಬಿದ್ದಾಗ ಕಲ್ಲು ಅಲ್ಲಿಂದ ಒಡೆಯಬಹುದು. ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10 ಅಂಕಗಳಾದರೆ ಮಾಣಿಕ್ಯ ನೀಲಗಳಿಗೆ 9, ಪಚ್ಚೆಗೆ 7.5ರಿಂದ 8, ಪಚ್ಚೆಯು ಪೆಟ್ಟಿಗೆ ಬೇಗ ಬಿರಿಯುವ ಸ್ವಭಾವದ್ದು. ಆದುದರಿಂದ ದಿನವೂ ಕೆಲಸಮಾಡುವ ಕೈಯ ಉಂಗುರಕ್ಕೆ ತಕ್ಕುದಲ್ಲದ ಹರಳು ಓಲೆಗೋ ಪದಕಕ್ಕೋ ತಕ್ಕುದಾಗಬಹುದು. ಕಣ್ಣಿಗೆ ಕಲೆ ಕಾಣದ ಪಚ್ಚೆಯು ಬಹು ವಿರಳವೆಂಬುದೂ ತಿಳಿದಿರಬೇಕು. ಇಂದಿನ ರತ್ನಶಾಸ್ತ್ರಜ್ಞರು ಹರಳುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಸಹಜವಾಗಿಯೇ ಕಲೆಗಳನ್ನು ಹೊತ್ತು ಬರುವ ಮೂರನೆಯ ವರ್ಗದಲ್ಲಿ ಪಚ್ಚೆಯನ್ನು ಇರಿಸಿದ್ದಾರೆ. ಮಾಣಿಕ್ಯ ನೀಲಗಳು ಎರಡನೆಯ ವರ್ಗದವು. ಪಚ್ಚೆಯು ವಜ್ರದಂತೆ ತಿಳಿಯಾಗಿರಲೆಂದು ಹಟಹಿಡಿಯುವುದು, ಬೇವಿನ ಎಲೆಯು ಬಾಳೆಯ ಎಲೆಯಷ್ಟು ಅಗಲವಿಲ್ಲವೆಂದು ದೂರಿದಂತೆ.

ಈ ಹಟವೇ ಇನ್ನೊಂದು ಕೇಡಿಗೆ ದಾರಿಯಾಯಿತು. ಕೊಳ್ಳುವವನು ಕಲೆಯನ್ನು ಸಹಿಸನೆಂದು ಕಂಡ ಮೇಲೆ ಮಾರುವವನು ಕಲೆಯನ್ನು ಮರೆಮಾಡುವ ಉಪಾಯಗಳನ್ನು ಹುಡುಕಿದನು. ಪಚ್ಚೆಯ ಬಿರುಕುಗಳಿಗೆ ಎಣ್ಣೆಯನ್ನು ಊಡಿಸುವ ಪದ್ಧತಿ ಬಹು ಹಳೆಯದು. ಎಣ್ಣೆಯ ಬದಲು ರಾಳವನ್ನು ತುಂಬುವುದು ಈಚಿನದು. ಎಣ್ಣೆಯು ಕಾಲಕ್ರಮದಲ್ಲಿ ಆರಿಹೋಗಿ, ಅಡಗಿದ್ದ ಬಿರುಕು ಮತ್ತೆ ಕಾಣಿಸಿಕೊಳ್ಳುವುದು. ಮಸಕಾದ ನೀಲ ಮಾಣಿಕ್ಯಗಳನ್ನು 1600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಕಾವಿನಲ್ಲಿ ಕಾಯಿಸಿದರೆ ಒಳಗಿನ ರೇಷ್ಮೆ ಕರಗಿ ಕಲ್ಲು ತಿಳಿಯಾಗುವುದು. 1970ರ ದಶಕದಲ್ಲಿ ಶ್ರೀಲಂಕೆಯ ಹಾಲುಬಣ್ಣದ ಕುರುವಿಂದಗಳು ಥಾಯ್ಲೆಂಡಿನ ಕುಲುಮೆಗಳಲ್ಲಿ ಹೀಗೆ ನೀಲಗಳಾದವು. 2004ರಿಂದೀಚೆಗೆ ಬಿರುಕುಬಿಟ್ಟ ಕೀಳುದರ್ಜೆಯ ಕೆಂಪಿನೊಳಗೆ ಸೀಸ ಬೆರೆತ ಗಾಜನ್ನು ತುಂಬಿ ಮೇಲ್ದರ್ಜೆಯದೆಂಬಂತೆ ತೋರಿಸುವ ಕ್ರಮವೂ ಪೇಟೆಯಲ್ಲಿ ಹರಡಿತು. ಅಂತಹ ಕಲ್ಲಿನೊಳಗಿನ ಗಾಜು ಅಕ್ಕಸಾಲಿಗನ ಊದುಗೊಳವೆಯ ಉರಿಗೆ ತಾಳದು. ಒಡವೆಯನ್ನು ಬೆಳಗಲು ಹಚ್ಚಿದ ನಿಂಬೆಯ ರಸಕ್ಕೂ ಅದು ಕೊರೆಯುವುದು.

ಇಲ್ಲಿ ಸೂಕ್ಷ್ಮವಾದ ಒಂದು ಭೇದವನ್ನು ಮನಗಾಣಬೇಕು. ಕಾಯಿಸುವುದು, ಎಣ್ಣೆ ಊಡಿಸುವುದು ತಮ್ಮಷ್ಟಕ್ಕೆ ಪಾಪಗಳಲ್ಲ. ಒರಟು ಕಲ್ಲನ್ನು ಸಾಣೆಹಿಡಿಯುವುದೂ ಒಂದು ಸಂಸ್ಕಾರವೇ. ಮನುಷ್ಯನು ಕೈಯಾರೆ ಬೆಳೆಸಿದ ಹರಳೂ ಮೋಸವಲ್ಲ. ಫ್ರೆಂಚ್ ವಿಜ್ಞಾನಿ ವೆರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಆದ ಕೆಂಪು ದ್ರವ್ಯದಲ್ಲಿ ನಿಜವಾದ ಕುರುವಿಂದವೇ. ಮಾಡಿದುದನ್ನು ಮಾಡಿದೆನೆಂದು ಹೇಳಿ ಅದಕ್ಕೆ ತಕ್ಕ ಬೆಲೆಗೆ ಕೊಟ್ಟರೆ ಅಲ್ಲಿ ದೋಷವಿಲ್ಲ. ಮಾಡಿ, ಮಾಡಿಲ್ಲವೆಂಬಂತೆ ಕೊಟ್ಟರೆ ಅದು ಕಳವು. ಅಂತೂ ಕಲೆಯುಳ್ಳ ಹರಳು ತನ್ನ ಹುಟ್ಟನ್ನು ತಾನೇ ತೆರೆದು ತೋರಿಸುತ್ತಿದೆ. ಕಲೆಯನ್ನು ಕದ್ದು ಮುಚ್ಚಿದ ಹರಳಾದರೋ ಮನುಷ್ಯನ ಬಾಯಿಂದ ಹೊರಡಬೇಕಾಗಿದ್ದ ಒಂದು ಮಾತನ್ನು ನುಂಗಿಕೊಂಡಿದೆ.

ಬಸವಣ್ಣನವರು ಮಾತು ಹೇಗಿರಬೇಕೆಂಬುದನ್ನು ಹೇಳುವಾಗ ಮುತ್ತನ್ನೂ ಮಾಣಿಕ್ಯವನ್ನೂ ಸ್ಫಟಿಕವನ್ನೂ ಹೋಲಿಕೆಯಾಗಿ ತಂದರು. ಎಳೆಯ ಮಕ್ಕಳ ನಾಲಗೆಯ ಮೇಲೂ ನಿಂತಿರುವ ಆ ವಚನವನ್ನು ಇಲ್ಲಿ ಎತ್ತಿ ಬರೆಯಬೇಕಾದುದಿಲ್ಲ. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಮಹಾನುಭಾವರು ಅವರು. ರತ್ನಗಳ ಬೆಲೆಯನ್ನು ಅರಿಯದವರಲ್ಲ. ಅಂತಹವರು ಕೋಶದಲ್ಲಿದ್ದ ರತ್ನಗಳಿಗಿಂತ ನಾಲಗೆಯ ಮೇಲಿನ ರತ್ನವನ್ನು ಮೇಲೆಂದು ಎಣಿಸಿದುದರಲ್ಲಿ ದೊಡ್ಡ ತತ್ತ್ವವಿದೆ. ಮಾತು ರತ್ನದಂತಿರಬೇಕಾದರೆ ರತ್ನದ ವ್ಯಾಪಾರದಲ್ಲಿ ಆಡುವ ಮಾತು ಇನ್ನೆಷ್ಟು ಶುದ್ಧವಾಗಿರಬೇಕು! ಕಲ್ಲಿನ ಕಲೆಯನ್ನು ಸತ್ಯವಾದ ಮಾತು ತೀರಿಸಬಲ್ಲುದು. ಮಾತಿನ ಕಲೆಯನ್ನು ಎಂತಹ ಕಲ್ಲೂ ತೀರಿಸಲಾರದು.

ಈ ತತ್ತ್ವವನ್ನು ಒಂದು ದೃಷ್ಟಾಂತದಲ್ಲಿ ಇರಿಸಿ ನೋಡಬಹುದು. ಒಬ್ಬ ಗೃಹಸ್ಥನಿಗೆ ಮಗಳ ಮದುವೆ ನಿಶ್ಚಯವಾಗಿದೆ. ಅಳಿಯನಿಗೆ ಪಚ್ಚೆಯ ಉಂಗುರವನ್ನು ತೊಡಿಸಬೇಕೆಂದು ಹೆಂಡತಿಯೊಡನೆ ಪೇಟೆಗೆ ಬಂದಿದ್ದಾನೆ. ವ್ಯಾಪಾರಿಯು ತಟ್ಟೆಯಲ್ಲಿ ಮೂರು ಹರಳುಗಳನ್ನು ಇಟ್ಟನು. ಮೊದಲನೆಯದರಲ್ಲಿ ಹಸುರು ಚೆನ್ನಾಗಿದೆ, ಆದರೆ ಒಳಗೆ ತೋಟವು ಎದ್ದು ಕಾಣುವುದು. ಎರಡನೆಯದು ತಿಳಿಯಾಗಿದೆ, ಬೆಲೆ ಮಾತ್ರ ಮೊದಲನೆಯದರಷ್ಟೇ. ಮೂರನೆಯದು ಎಲ್ಲಕ್ಕಿಂತ ತಿಳಿಯಾಗಿ, ಎಲ್ಲಕ್ಕಿಂತ ಅಗ್ಗವಾಗಿದೆ. ಅದು ಪ್ರಯೋಗಶಾಲೆಯಲ್ಲಿ ಬೆಳೆಸಿದ್ದೆಂದು ವ್ಯಾಪಾರಿಯೇ ಹೇಳಿದನು. ಹೆಂಡತಿಯು ಮೊದಲನೆಯದನ್ನು ಬೆಳಕಿಗೆ ಹಿಡಿದು, “ಇದರೊಳಗೆ ಗೀರು ಕಾಣ್ತದಲ್ಲ, ಬೀಗರು ಏನಂದಾರು?” ಎಂದಳು. ಗೃಹಸ್ಥನು ಎರಡನೆಯದನ್ನು ಎತ್ತಿ, “ಇದು ಹುಟ್ಟಿದ್ದೇ ಹೀಗೋ, ಏನಾದರೂ ತುಂಬಿದ್ದಾರೋ, ಸಾಹುಕಾರರೆ?” ಎಂದು ಕೇಳಿದನು. “ಅದೆಲ್ಲ ಯಾಕೆ ಯಜಮಾನರೆ, ಕಣ್ಣಿಗೆ ಚೆನ್ನಾಗಿಲ್ಲವೆ?” ಎಂಬುದು ಉತ್ತರ.

ಆ ಉತ್ತರದಲ್ಲಿ ಸುಳ್ಳಿಲ್ಲ. ಹರಳು ಕಣ್ಣಿಗೆ ಚೆನ್ನಾಗಿಯೇ ಇದೆ. ಆದರೆ ಕೇಳಿದುದಕ್ಕೆ ಅದು ಉತ್ತರವಲ್ಲ. ನುಡಿದುದರಲ್ಲಿ ಮಾತ್ರ ಸುಳ್ಳು ಇರುವುದೆಂದು ತಿಳಿಯುವುದು ಸ್ಥೂಲದೃಷ್ಟಿ. ನುಡಿಯಬೇಕಾದುದನ್ನು ತಡೆಹಿಡಿದಲ್ಲಿಯೂ ಅದು ಮನೆಮಾಡುವುದು. ಅಂತರಂಗಶುದ್ಧಿ ಬಹಿರಂಗಶುದ್ಧಿಗಳೆರಡನ್ನೂ ಶರಣರು ಒಟ್ಟಿಗೆ ಹೇಳಿದುದು ಇದಕ್ಕಾಗಿಯೇ. ಹೊರಗಿನ ಮಾತು ಸತ್ಯವಾಗಿದ್ದು ಒಳಗಿನ ಉದ್ದೇಶವು ಮರೆಸುವುದಾಗಿದ್ದರೆ ಆ ಸತ್ಯವು ಗಾಜು ತುಂಬಿದ ಕೆಂಪಿನಂತೆಯೇ. ವ್ಯಾಪಾರವು ಕಾಯಕವೆನಿಸಬೇಕಾದರೆ ಕೇಳಿದವನಿಗೂ ಕೇಳಲು ತಿಳಿಯದವನಿಗೂ ಒಂದೇ ಮಾತನ್ನು ಹೇಳಬೇಕು. ಕೇಳಲು ಬಲ್ಲವನಿಗೆ ಒಂದು, ಹಳ್ಳಿಯಿಂದ ಬಂದ ಮುಗ್ಧನಿಗೆ ಇನ್ನೊಂದು ಎಂದಾದರೆ ಅದು ಕಾಯಕದ ಹೆಸರನ್ನು ಹೊತ್ತ ಬೇಟೆ.

ಕೊಳ್ಳುವವನ ಬಾಯೂ ಇಲ್ಲಿ ಪರೀಕ್ಷೆಗೆ ಒಳಗಾಗತಕ್ಕದ್ದು. ಒಳಗೊಳಗೆ ಹರಳನ್ನು ಮೆಚ್ಚಿ, ಬೆಲೆ ಇಳಿಸುವ ಸಲುವಾಗಿ ಅದರ ಕಲೆಯನ್ನು ದೊಡ್ಡದುಮಾಡಿ ಹಳಿಯುವುದು ಪೇಟೆಯಲ್ಲಿ ಜಾಣತನವೆನಿಸಿಕೊಂಡಿದೆ. ಕಷ್ಟಕ್ಕೆ ಸಿಕ್ಕಿ ಮನೆಯ ಹಳೆಯ ಒಡವೆಯನ್ನು ಮಾರಲು ಬಂದ ಬಡವಳ ಮುಂದೆ ಹಾಗೆ ಹಳಿದರೆ ಅದು ಜಾಣತನವಲ್ಲ, ಕ್ರೌರ್ಯ. ಇರುವ ದೋಷವನ್ನು ಮುಚ್ಚುವ ಮಾರುಗನೂ ಇಲ್ಲದ ದೋಷವನ್ನು ಹಚ್ಚುವ ಕೊಳ್ಳುಗನೂ ಒಂದೇ ತಕ್ಕಡಿಯ ಎರಡು ತಟ್ಟೆಗಳು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಭಕ್ತನು ಕೊಡುವುದೆಲ್ಲವೂ ಅರ್ಪಿತವಾಗಬೇಕು, ಕಲೆಯುಳ್ಳದ್ದನ್ನು ಅರ್ಪಿಸಬಹುದೆ? ಹುಳುಕು ಹಣ್ಣನ್ನು ಲಿಂಗಕ್ಕೆ ಇಡುವರೆ? ಈ ಮಾತಿನಲ್ಲಿ ತಿರುಳಿದೆ. ತನಗೆ ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟುದನ್ನು ಇನ್ನೊಬ್ಬರಿಗೆ ಕೊಡುವುದು ಖಂಡಿತವಾಗಿ ಅಧರ್ಮ. ಆದರೆ ಹಣ್ಣಿನ ಹುಳುಕು ಬೇರೆ, ಹರಳಿನ ಗೀರು ಬೇರೆ. ಹುಳುಕು ಹಣ್ಣನ್ನು ಹಣ್ಣಲ್ಲದಂತೆ ಮಾಡುವುದು. ಒಳಗಿನ ಗೀರಿನಿಂದ ಪಚ್ಚೆಯು ಪಚ್ಚೆಯಲ್ಲದೆ ಹೋಗದು. ಮೇಲಾಗಿ ಅರ್ಪಣೆಯ ಶುದ್ಧಿಯನ್ನು ಶರಣರು ವಸ್ತುವಿನ ಹೊಳಪಿನಿಂದ ಅಳೆಯಲಿಲ್ಲ. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಸೌದೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯನವರ ಕತೆಯು ಭಕ್ತರಿಗೆ ತಿಳಿದುದೇ. ಅವರ ಗುಡಿಸಿಲಿನ ಅಂಬಲಿಯು ಜಂಗಮಕ್ಕೆ ಸಲ್ಲುವ ಪ್ರಸಾದವಾಯಿತು. ಅದನ್ನು ಶುದ್ಧಮಾಡಿದುದು ಹೊತ್ತ ಸೌದೆಯ ಬೆವರು.

ಎಷ್ಟು ಕೊಳ್ಳಬೇಕೆಂಬ ಪ್ರಶ್ನೆಗೂ ಶರಣರ ಮನೆಯಿಂದಲೇ ಉತ್ತರ ದೊರೆಯುವುದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸದೆ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಹೆಚ್ಚಾದ ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಹುಳುವಿರಲಿಲ್ಲ. ಆದರೂ ಅದರಲ್ಲಿ ಒಂದು ಕಲೆಯನ್ನು ಆ ತಾಯಿಯು ಕಂಡರು. ಬೇಕಾದುದನ್ನು ಮೀರಿದ ಬಯಕೆಯೇ ಆ ಕಲೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಒಂದು ಗ್ರಾಮಿನ ಐದನೆಯ ಒಂದು ಪಾಲು. ಅಷ್ಟು ತೂಕದ ಕಲ್ಲು ಕಲೆಯಿಲ್ಲದಿರಲೆಂದು ದಾಸೋಹವನ್ನು ನಿಲ್ಲಿಸಿ, ಮಕ್ಕಳ ಓದಿನ ಹಣವನ್ನು ಮುರಿದು, ಸಾಲದ ಪತ್ರಕ್ಕೆ ರುಜು ಹಾಕಿದರೆ ಲಕ್ಕಮ್ಮನವರ ಕಣ್ಣಿಗೆ ಆ ಹರಳಿನಲ್ಲಿ ಎಷ್ಟು ಗೀರುಗಳು ಕಂಡಾವು!

ದೃಷ್ಟಾಂತದ ಗೃಹಸ್ಥನು ಏನು ಮಾಡಬೇಕು? ಎರಡನೆಯ ಹರಳನ್ನು ಅವನು ಬಿಡತಕ್ಕದ್ದು. ಅದರೊಳಗೆ ರಾಳವಿರಬಹುದು, ಇಲ್ಲದಿರಬಹುದು; ಕೇಳಿದ ಮೇಲೂ ಹೇಳದ ಮಾತೊಂದು ಅದರೊಡನೆ ಬರುವುದು ಮಾತ್ರ ನಿಶ್ಚಯ. ಮೊದಲನೆಯದೂ ಮೂರನೆಯದೂ ಅವನಿಗೆ ಸಲ್ಲುವುವು. ಒಂದು ತನ್ನ ಕಲೆಯನ್ನು ಮರೆಸಿಲ್ಲ, ಇನ್ನೊಂದರ ಹುಟ್ಟನ್ನು ವ್ಯಾಪಾರಿಯು ಮರೆಸಿಲ್ಲ. ಕೈಯಲ್ಲಿ ಹಣವಿದ್ದು, ಭೂಮಿಯಲ್ಲಿ ಬೆಳೆದುದನ್ನೇ ಕೊಡುವ ಆಸೆಯಿದ್ದರೆ ಮೊದಲನೆಯದನ್ನು ಅದರ ಬೆಲೆಗೆ ಕೊಳ್ಳಲಿ. ಬಿರುಕು ಅಂಚಿಗೆ ತಲಪಿಲ್ಲವೆಂದು ಭೂತಗನ್ನಡಿಯಲ್ಲಿ ನೋಡಿಕೊಳ್ಳಲಿ. ಹಣ ಸಾಲದಿದ್ದರೆ ಮೂರನೆಯದನ್ನು ನಾಚಿಕೆಯಿಲ್ಲದೆ ಕೊಳ್ಳಲಿ. ಯಾವುದನ್ನೂ ಕೊಳ್ಳದೆ ಬರಿಯ ಉಂಗುರವನ್ನೇ ತೊಡಿಸಿದರೂ ಕಲ್ಯಾಣಕಾರ್ಯಕ್ಕೆ ಕುಂದಿಲ್ಲ.

ಲೌಕಿಕವಾದ ಎಚ್ಚರವನ್ನೂ ಬಿಡಬಾರದು. ಚಿನ್ನದ ಮೇಲಿನ ಹಾಲ್‌ಮಾರ್ಕ್ ಮುದ್ರೆಯು ಚಿನ್ನದ ಶುದ್ಧಿಗೆ ಸಾಕ್ಷಿಯೇ ಹೊರತು ಅದರಲ್ಲಿ ಕೂರಿಸಿದ ಹರಳಿಗಲ್ಲ. ಬೆಲೆಯುಳ್ಳ ಹರಳಾದರೆ ರತ್ನಪರೀಕ್ಷೆಯ ಪ್ರಯೋಗಶಾಲೆಯ ಪತ್ರವನ್ನು ಕೇಳಬೇಕು. ಕಲ್ಲು ಭೂಮಿಯಲ್ಲಿ ಹುಟ್ಟಿದುದೋ ಬೆಳೆಸಿದುದೋ, ಕಾಯಿಸಿದುದೋ, ಎಣ್ಣೆಯನ್ನಾಗಲಿ ರಾಳವನ್ನಾಗಲಿ ತುಂಬಿದುದೋ ಎಂಬುದನ್ನು ಪತ್ರದಲ್ಲಿ ಓದಿ ನೋಡಬೇಕು. ವ್ಯಾಪಾರಿಯು ಬಾಯಲ್ಲಿ ಹೇಳಿದುದನ್ನು ರಸೀತಿಯ ಮೇಲೆ ಬರೆದುಕೊಡುವಂತೆ ಕೇಳಬೇಕು. ಇದು ಅಪನಂಬಿಕೆಯಲ್ಲ, ಸತ್ಯವಂತನಾದ ವ್ಯಾಪಾರಿಗೆ ಬರೆದುಕೊಡುವುದರಿಂದ ನಷ್ಟವೇನೂ ಇಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯು ಹರಳಿನ ಪೇಟೆಯಲ್ಲಿ ಎರಡು ಪಟ್ಟು ನಿಜ.

ಕೊಂಡಲ್ಲಿಗೆ ಧರ್ಮವು ಮುಗಿಯದು. ನಿಜವಾದ ಕಷ್ಟವು ಅಲ್ಲಿಂದಲೇ ಮೊದಲಾಗುವುದು. ಬೀಗರು ಏನಂದಾರು ಎಂಬ ಆ ತಾಯಿಯ ಮಾತು ಸಣ್ಣದಲ್ಲ. ಹೆಣ್ಣು ಹೆತ್ತವರ ಎದೆಯಲ್ಲಿ ಆ ಅಂಜಿಕೆಯು ಎಷ್ಟು ಭಾರವಾಗಿರುವುದೆಂಬುದನ್ನು ಹೊತ್ತವರೇ ಬಲ್ಲರು. ಬೆಳೆಸಿದ ಹರಳನ್ನು ಕೊಂಡು, “ಗಣಿಯಿಂದ ಬಂದದ್ದು” ಎಂದು ಬೀಗರ ಮುಂದೆ ಒಂದು ಮಾತು ಆಡಿಬಿಟ್ಟರೆ ಆ ಹೊತ್ತಿನ ಮಾನವು ಉಳಿಯಬಹುದು. ಆದರೆ ಅಂಗಡಿಯಲ್ಲಿ ವ್ಯಾಪಾರಿಯು ಆಡದಿದ್ದ ಸುಳ್ಳನ್ನು ಮನೆಯ ಹಸೆಯ ಮೇಲೆ ತಂದೆಯು ಆಡಿದಂತಾಯಿತು. ಮಗಳು ಆ ಸುಳ್ಳನ್ನು ಹೊತ್ತುಕೊಂಡು ಹೊಸ ಮನೆಯ ಹೊಸ್ತಿಲನ್ನು ದಾಟುವಳು. ಎಂದೋ ಒಂದು ದಿನ ಅಕ್ಕಸಾಲಿಗನು ಹರಳನ್ನು ನೋಡಿ ನಿಜವನ್ನು ನುಡಿದಾಗ ತಲೆತಗ್ಗಿಸಬೇಕಾದವಳು ಅವಳು. ಅದಕ್ಕಿಂತ, “ನಮ್ಮ ಶಕ್ತಿಗೆ ಬಂದದ್ದು ಇದು, ಬೀಗರೆ, ಒಳಗೆ ಗೀರಿದೆ, ನೋಡಿಯೇ ತಂದೆವು” ಎಂದು ಮೊದಲೇ ಹೇಳಿಬಿಟ್ಟರೆ ಸಂಬಂಧವು ಸತ್ಯದ ಮೇಲೆ ನಿಲ್ಲುವುದು. ಆ ಮಾತನ್ನು ಕೇಳಿ ಮುಖ ತಿರುಗಿಸುವ ಬೀಗರಿದ್ದರೆ ಅವರ ಸ್ವಭಾವವು ಲಗ್ನಕ್ಕೆ ಮುನ್ನವೇ ತಿಳಿದುದು ಮಗಳ ಪುಣ್ಯವೆಂದೇ ಎಣಿಸಬೇಕು. ಇತ್ತ ಗಂಡಿನ ಕಡೆಯ ಭಕ್ತರೂ ನೆನೆಯಬೇಕಾದುದುಂಟು. ಉಡುಗೊರೆಯನ್ನು ಬೆಳಕಿಗೆ ಹಿಡಿದು ಕಲೆ ಹುಡುಕುವ ಕಣ್ಣೇ ಇನ್ನೊಂದು ಮನೆಯವರನ್ನು ಸುಳ್ಳಿಗೆ ನೂಕುವುದು. ಅಂತಹ ಸುಳ್ಳಿನಲ್ಲಿ ಅರ್ಧ ಪಾಲು ಅದನ್ನು ಆಡಿಸಿದವರದು.

ಮನುಷ್ಯನ ಅಂತರಂಗವೂ ಬಗೆಬಗೆಯ ಗೀರು ಚುಕ್ಕೆಗಳಿಂದ ಕೂಡಿದುದೇ. ಬಸವಾದಿ ಪ್ರಮಥರು ತಮ್ಮ ವಚನಗಳಲ್ಲಿ ತಮ್ಮ ಕುಂದುಗಳನ್ನು ತಾವೇ ಎಣಿಸಿ ಕೂಡಲಸಂಗಯ್ಯನ ಮುಂದೆ, ಗುಹೇಶ್ವರನ ಮುಂದೆ, ಚೆನ್ನಮಲ್ಲಿಕಾರ್ಜುನನ ಮುಂದೆ ತೆರೆದಿಟ್ಟರು. ಎಂಟು ಶತಮಾನಗಳಿಗೂ ಮೀರಿ ಆ ಮಾತುಗಳು ಬೆಳಗುತ್ತಿರುವುದು ಅವುಗಳಲ್ಲಿ ಮರೆಮಾಚುವಿಕೆ ಇಲ್ಲದಿರುವುದರಿಂದ. ಹರಳಿನ ಕಲೆಯನ್ನು ಕಂಡು, ಅರಿತು, ತಕ್ಕ ಬೆಲೆಯನ್ನು ಕೊಟ್ಟು, ಕೊಡುವಾಗ ಹೇಳಿ ಕೊಡುವ ಗೃಹಸ್ಥನು ಅದೇ ದಾರಿಯಲ್ಲಿ ಒಂದು ಹೆಜ್ಜೆಯನ್ನು ಇಟ್ಟಿದ್ದಾನೆ. ಇಂತಹ ಸಣ್ಣ ವ್ಯವಹಾರಗಳಲ್ಲಿ ನಡೆಯೂ ನುಡಿಯೂ ಒಂದಾಗುವಂತೆ ನೋಡಿಕೊಳ್ಳುವುದೇ ಸದಾಚಾರ. ಅದನ್ನು ಬಲ್ಲ ಮನೆಯಲ್ಲಿ ಶಿವನ ವಾಸವಿರುವುದರಲ್ಲಿ ಸಂದೇಹವಿಲ್ಲ.